ಬಾಲಮಂದಿರದ ಮಗುವಿನ ಪರವಾಗಿ ನಾನು ನಿಲ್ಲಬಹುದೇ?

ಪ್ರಶ್ನೆ: ನಾನು ದಾವಣಗೆರೆಯವಳು. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ 31 ವರ್ಷ ಪಾಠ ಮಾಡಿ ಹೋದ ವರ್ಷ ನಿವೃತ್ತಳಾದೆ. ನನ್ನ ಅಕ್ಕನ ಮಗಳು ಅಮೆರಿಕದಲ್ಲಿದ್ದಾಳೆ. ಅಲ್ಲಿ ಮನೆಯವರಿಂದಲೇ ಹಿಂಸೆ ಅನುಭವಿಸಿದ ಮಕ್ಕಳ ಕೇಸುಗಳಲ್ಲಿ ಜಡ್ಜ್ ಇವಳನ್ನು ಮಗುವಿನ ಪರವಾಗಿ ನೇಮಿಸುತ್ತಾರಂತೆ. ಇವಳು ವಕೀಲಳಲ್ಲ, ಸಂಬಳವೂ ಇಲ್ಲ. ಮಗುವನ್ನು ಆಗಾಗ ನೋಡಿ ಬಂದು ಕೋರ್ಟಿಗೆ ವರದಿ ಕೊಡುತ್ತಾಳೆ. ನಮ್ಮಲ್ಲೂ ಇಂಥ ಕೆಲಸ ಇದೆಯೇ? ನನ್ನಂಥವಳು ಮಾಡಬಹುದೇ? ಮೊಮ್ಮಗನ ಹುಟ್ಟುಹಬ್ಬಕ್ಕೆ ಬಾಲಮಂದಿರಕ್ಕೆ ಹೋಳಿಗೆ ಊಟ ಕೊಟ್ಟು ಬರುತ್ತೇವೆ. ಅಷ್ಟಕ್ಕೇ ಮನಸ್ಸು ತುಂಬುತ್ತಿಲ್ಲ. ಇನ್ನೊಂದು ವಿಷಯ. ನಮ್ಮ ಬೀದಿಯ ಒಂದು ಮನೆಯಲ್ಲಿ ಒಂಬತ್ತು ವರ್ಷದ ಹುಡುಗಿ ಇದ್ದಾಳೆ. ಅಪ್ಪ ಅಮ್ಮ ಕಾಫಿ ತೋಟದ ಕೆಲಸಕ್ಕೆ ಗುಳೆ ಹೋಗಿದ್ದಾರೆ, ಇವಳನ್ನು ದೊಡ್ಡಪ್ಪನ ಮನೆಯಲ್ಲಿ ಬಿಟ್ಟಿದ್ದಾರೆ. ಮನೆಗೆಲಸವೆಲ್ಲ ಇವಳದ್ದೇ. ಮೊನ್ನೆ ಕೈಮೇಲೆ ಬರೆ ಹಾಕಿದ ಗುರುತು ಕಂಡಿತು. ಕೇಳಿದರೆ "ಬಿಸಿನೀರು ಬಿತ್ತು ಟೀಚರ್" ಅಂದಳು. "ಅವರ ಮನೆ ವಿಷಯ ನಮಗ್ಯಾಕೆ" ಅಂತ ಅಕ್ಕಪಕ್ಕದವರು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ಮೇಡಂ, ನೀವು ಕೊನೆಗೆ ಬರೆದದ್ದನ್ನೇ ನಾನು ಮೊದಲು ತೆಗೆದುಕೊಳ್ಳುತ್ತೇನೆ. ಅಮೆರಿಕದ ಮಾತು ಸ್ವಲ್ಪ ಕಾಯಬಹುದು. ಆ ಹುಡುಗಿ ಕಾಯುವ ಹಾಗಿಲ್ಲ.

ಇದನ್ನು ಪೂರ್ತಿ ಓದುವ ಮೊದಲೇ 1098ಕ್ಕೆ ಫೋನ್ ಮಾಡಿ. ಅದು ಮಕ್ಕಳ ಸಹಾಯವಾಣಿ. ದುಡ್ಡು ಬೀಳುವುದಿಲ್ಲ, ರಾತ್ರಿಯಾದರೂ ಎತ್ತುತ್ತಾರೆ. 1996ರಲ್ಲಿ ಮುಂಬೈಯಲ್ಲಿ, ಬೀದಿಯಲ್ಲಿ ಬದುಕುವ ಮಕ್ಕಳಿಗಾಗಿ ಶುರುವಾದ ನಂಬರ್ ಇದು. ಬಹಳ ವರ್ಷ ಸ್ವಯಂಸೇವಾ ಸಂಸ್ಥೆಗಳೇ ಇದನ್ನು ನಡೆಸಿದವು. 2023ರಲ್ಲಿ ಸರ್ಕಾರ ತನ್ನ ಕೈಗೆ ತೆಗೆದುಕೊಂಡು ತುರ್ತು ಸಹಾಯದ ನಂಬರ್ 112ರ ಜೊತೆ ಜೋಡಿಸಿತು. ಫೋನಿನಲ್ಲಿ ಕಂಡದ್ದನ್ನು ಮಾತ್ರ ಹೇಳಿ. ಇಂಥ ದಿನ ನೋಡಿದೆ, ಇಂಥ ಕೈಮೇಲೆ ಬರೆ ಇತ್ತು, ಶಾಲೆಗೆ ಇಷ್ಟು ದಿನದಿಂದ ಹೋಗಿಲ್ಲ, ಮನೆ ಇಲ್ಲಿದೆ. ಯಾರು ಹಾಕಿದರು ಎಂದು ನೀವು ತೀರ್ಮಾನ ಮಾಡುವುದು ಬೇಕಿಲ್ಲ. ನಿಮ್ಮ ಹೆಸರನ್ನು ಆ ಮನೆಯವರಿಗೆ ಹೇಳಬೇಡಿ ಎಂದು ಕೇಳಿಕೊಳ್ಳಿ.

ಎರಡು ಕೆಲಸ ಮಾಡಬೇಡಿ. ಆ ಮನೆಗೆ ಹೋಗಿ ಬುದ್ಧಿ ಹೇಳಬೇಡಿ. ನೀವು ಒಳ್ಳೆಯ ಮಾತಿನಲ್ಲೇ ಹೇಳುತ್ತೀರಿ, ಗೊತ್ತು. ಆದರೆ ನೀವು ಎದ್ದು ಬಂದ ಮೇಲೆ ಆ ಬಾಗಿಲ ಒಳಗೆ ಉಳಿಯುವುದು ಹುಡುಗಿ ಒಬ್ಬಳೇ. ಮಾರನೆಯ ಬೆಳಿಗ್ಗೆ ಹೊತ್ತಿಗೆ ಇಂಥ ಮಗುವನ್ನು ಬೇರೆ ಊರಿಗೆ ಸಾಗಿಸಿದ್ದನ್ನೂ ನಾನು ನೋಡಿದ್ದೇನೆ. ಎರಡನೆಯದು, ಹುಡುಗಿಯನ್ನು ಕರೆದು ಕೂರಿಸಿ "ನಿಜ ಹೇಳು" ಎಂದು ಮತ್ತೆ ಮತ್ತೆ ಕೇಳಬೇಡಿ. "ಬಿಸಿನೀರು ಬಿತ್ತು" ಎಂದದ್ದು ಅವಳು ತನ್ನನ್ನು ಕಾಪಾಡಿಕೊಳ್ಳಲು ಕಂಡುಕೊಂಡ ದಾರಿ. ಅದನ್ನು ಈಗಲೇ ಕಿತ್ತುಕೊಳ್ಳಬಾರದು. ಮಾತಾಡಿಸುತ್ತಿರಿ. ಶಾಲೆ ವಿಷಯ, ಅಮ್ಮನ ಫೋನ್ ಬಂತಾ ಎಂಬ ವಿಷಯ. ಹೇಳಬೇಕು ಅನ್ನಿಸಿದ ದಿನ ಅವಳೇ ಹೇಳುತ್ತಾಳೆ. ಹೇಳಿದ ದಿನ ಅವಳ ಮಾತನ್ನು ಅವಳ ಶಬ್ದಗಳಲ್ಲೇ ಬರೆದಿಟ್ಟುಕೊಳ್ಳಿ. ಮೈಮೇಲೆ ಕೈ ಹಾಕಿದಂಥ ವಿಷಯ ಏನಾದರೂ ಬಂದರೆ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಗೊತ್ತಿದ್ದೂ ಮುಚ್ಚಿಟ್ಟರೆ ಅದೇ ಅಪರಾಧ, 6 ತಿಂಗಳವರೆಗೆ ಜೈಲು ಇದೆ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಹಾಕಲು ಬರುವುದಿಲ್ಲ ಎಂದೂ ಅದೇ ಕಾಯ್ದೆ ಹೇಳುತ್ತದೆ.

ಅಕ್ಕಪಕ್ಕದವರ ಮಾತಿಗೆ ಉತ್ತರ ಕಾನೂನಿನಲ್ಲೇ ಇದೆ. ಜೊತೆಯಲ್ಲಿ ಇಟ್ಟುಕೊಂಡವರೇ ಗಾಯ ಮಾಡಿದರೆ, ದುಡಿಸಿಕೊಂಡರೆ, ನೋಡಿಕೊಳ್ಳದೆ ಬಿಟ್ಟರೆ, ಆ ಮಗು 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ "ಪಾಲನೆ ಮತ್ತು ರಕ್ಷಣೆ ಬೇಕಾದ ಮಗು". ಹಾಗೆ ಹಿಂಸೆ ಕೊಟ್ಟವರಿಗೆ 3 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ. ಬರೆ ಬಿದ್ದ ಮೇಲೆ ಅದು "ಅವರ ಮನೆ ವಿಷಯ" ಆಗಿ ಉಳಿಯುವುದಿಲ್ಲ ಮೇಡಂ.

ಈಗ ಅಮೆರಿಕದ ವಿಷಯಕ್ಕೆ ಬರುತ್ತೇನೆ.

ನಿಮ್ಮ ಅಕ್ಕನ ಮಗಳು ಮಾಡುವ ಕೆಲಸಕ್ಕೆ ಅಲ್ಲಿ ಕಾಸಾ ಎನ್ನುತ್ತಾರೆ. ಅದು ಹುಟ್ಟಿದ್ದು 1970ರ ದಶಕದಲ್ಲಿ, ಸಿಯಾಟಲ್ ನಗರದಲ್ಲಿ. ಡೇವಿಡ್ ಸೂಕಪ್ ಎಂಬ ನ್ಯಾಯಾಧೀಶರು ಮಕ್ಕಳ ಕೇಸುಗಳನ್ನು ಕೇಳುತ್ತಿದ್ದರು. ಮಗುವನ್ನು ಮನೆಗೆ ಕಳಿಸಬೇಕೋ ಬೇರೆ ಕಡೆ ಇಡಬೇಕೋ ಎಂದು ಅವರೇ ಹೇಳಬೇಕು. ಎದುರಿಗೆ ಅಪ್ಪ ಅಮ್ಮನ ವಕೀಲರಿದ್ದರು, ಇಲಾಖೆಯವರಿದ್ದರು. ಮಗುವಿನ ಕಡೆಯಿಂದ ಮಾತಾಡುವವರು ಮಾತ್ರ ಯಾರೂ ಇರಲಿಲ್ಲ. ಕೊಟ್ಟ ತೀರ್ಪು ಸರಿಯೋ ತಪ್ಪೋ ಎಂಬ ಚಿಂತೆ ಅವರನ್ನು ರಾತ್ರಿಯೂ ಬಿಡುತ್ತಿರಲಿಲ್ಲ. ಈ ಕೆಲಸಕ್ಕೆ ಊರಿನ ಸಾಮಾನ್ಯ ಜನ ಬರಬಹುದೇ ನೋಡೋಣ ಎಂದು ಒಂದು ಮಧ್ಯಾಹ್ನ ಕರೆದರು. ನಾಲ್ಕೈದು ಜನ ಬರಬಹುದು ಅಂದುಕೊಂಡಿದ್ದರು, ಬಂದದ್ದು 50 ಜನ. 1977ರಲ್ಲಿ ಕೆಲಸ ಶುರುವಾಯಿತು. ಈಗ ಅಲ್ಲಿನ ಬಹುತೇಕ ಎಲ್ಲ ರಾಜ್ಯಗಳಲ್ಲೂ ಇದೆ. ಮೊದಲು ಸುಮಾರು 30 ಗಂಟೆ ತರಬೇತಿ, ಹಿನ್ನೆಲೆ ತಪಾಸಣೆ, ಆಮೇಲೆ ಒಬ್ಬರಿಗೆ ಒಂದೋ ಎರಡೋ ಮಕ್ಕಳು. ಇಲಾಖೆಯ ಕಾರ್ಯಕರ್ತರು, ವಕೀಲರು, ಸಾಕುವ ಮನೆಯವರು ಎಲ್ಲರೂ ಬದಲಾಗುತ್ತಿರುತ್ತಾರೆ. ಆ ಸ್ವಯಂಸೇವಕಿ ಮಾತ್ರ ಬದಲಾಗುವುದಿಲ್ಲ. ಈ ಕೆಲಸದ ಜೀವ ಇರುವುದೇ ಅಲ್ಲಿ.

ನಮ್ಮಲ್ಲಿ ಇದೇ ಹೆಸರಿನ, ಇದೇ ಅಧಿಕಾರದ ಹುದ್ದೆ ಇಲ್ಲ. ಮಗುವಿನ ವಿಷಯ ತೀರ್ಮಾನ ಮಾಡುವುದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಮಹಿಳೆ ಇರಬೇಕು. ಮ್ಯಾಜಿಸ್ಟ್ರೇಟರ ಅಧಿಕಾರ ಅವರಿಗಿದೆ. ತಿಂಗಳಿಗೆ ಕನಿಷ್ಠ 20 ದಿನ ಕೂರಬೇಕು. ರಕ್ಷಿಸಿದ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಅವರ ಮುಂದೆ ತರಬೇಕು. ಪೊಲೀಸರೇ ತರಬೇಕು ಎಂದಿಲ್ಲ. ಡಾಕ್ಟರ್ ತರಬಹುದು, ಸ್ವಯಂಸೇವಾ ಸಂಸ್ಥೆ ತರಬಹುದು, ಕಾಳಜಿ ಇರುವ ಯಾವ ನಾಗರಿಕರೂ ತರಬಹುದು. ಮಗುವೇ ನಡೆದುಕೊಂಡು ಬಂದು "ನನಗೆ ಮನೆಗೆ ಹೋಗೋಕೆ ಭಯ" ಎಂದು ಹೇಳಬಹುದು. ಮಕ್ಕಳ ಸಂಸ್ಥೆಯಲ್ಲಿ ನನ್ನ 20 ವರ್ಷದ ಕೆಲಸದಲ್ಲಿ ಹಾಗೆ ತಾನಾಗಿಯೇ ಬಂದ ಮಕ್ಕಳು ಇಬ್ಬರೇ.

ಸಮಿತಿ ಮೊದಲ ದಿನವೇ ಪೂರ್ತಿ ತೀರ್ಮಾನ ಮಾಡುವುದಿಲ್ಲ. ಮಗುವಿನ ಮನೆಗೆ, ಊರಿಗೆ ಹೋಗಿ ವಿಚಾರಿಸಿ ವರದಿ ತರಲು ಹೇಳುತ್ತದೆ. ಇದೇ ಸಾಮಾಜಿಕ ತನಿಖಾ ವರದಿ. 15 ದಿನದಲ್ಲಿ ಬರಬೇಕು, ನಾಲ್ಕು ತಿಂಗಳೊಳಗೆ ಕೊನೆಯ ಆದೇಶ ಆಗಬೇಕು. ಕಾಗದದ ಮೇಲೆ ಚೆನ್ನಾಗಿದೆ ಅಲ್ವಾ? ಆದರೆ ಆ ವರದಿ ಬರೆಯುವವರ ಮೇಜಿನ ಮೇಲೆ ಇಂಥ ಹತ್ತಾರು ಮಕ್ಕಳ ಕಡತ ಇರುತ್ತದೆ. ಅವರಲ್ಲಿ ಬಹಳ ಜನ ಪ್ರಾಮಾಣಿಕರು, ನನಗೆ ಅವರ ಬಗ್ಗೆ ಗೌರವ ಇದೆ. ಕೆಲಸವೇ ಅಷ್ಟಿದೆ. ಮೂರು ಊರಿಗೆ ಹೋಗಬೇಕಾದ ಕಡೆ ಒಂದು ಫೋನ್ ಆಗುತ್ತದೆ. ಮಗುವಿನ ಬದುಕು ಆ ಒಂದು ಫೋನಿನ ಮೇಲೆ ನಿಲ್ಲುತ್ತದೆ.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಮಗುವಿನ ಗುರುತು ಹೊರಗೆ ಹೇಳಬಾರದು ಎಂದು ಕಾನೂನಿದೆ, ಹಾಗಾಗಿ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಸುಮಾರು ಹತ್ತು ವರ್ಷದ ಹುಡುಗ. ದಾವಣಗೆರೆ ರೈಲ್ವೆ ಸ್ಟೇಷನ್ನಿನಲ್ಲಿ ಸಿಕ್ಕಿದ. ಊರು ಮೊಳಕಾಲ್ಮೂರು ಕಡೆ. ಅಪ್ಪ ತೀರಿಕೊಂಡಿದ್ದ, ಅಮ್ಮ ಬೇರೆ ಮದುವೆಯಾಗಿ ಹೋಗಿದ್ದಳು. ಚಿಕ್ಕಪ್ಪನ ಮನೆಯಲ್ಲಿ ಹೊಡೆತ ತಾಳಲಾರದೆ ಓಡಿ ಬಂದಿದ್ದ. ಬಾಲಮಂದಿರಕ್ಕೆ ಸೇರಿಸಿದರು. ದಾವಣಗೆರೆ, ಚಿತ್ರದುರ್ಗ 1997ರ ಆಗಸ್ಟ್‌ವರೆಗೆ ಒಂದೇ ಜಿಲ್ಲೆ. ಈಗ ಎರಡು, ಹಾಗಾಗಿ ಸಮಿತಿಯೂ ಎರಡು. ಮಗು ಒಂದು ಕಡೆ, ಮನೆ ಇನ್ನೊಂದು ಕಡೆ. ಕಡತ ಆ ಕಡೆ ಈ ಕಡೆ ಓಡಾಡಿತು.

ನಾನು ಆ ಹುಡುಗನನ್ನು ನೋಡಿದ್ದು ಐದು ತಿಂಗಳ ಮೇಲೆ. ಕಡತದಲ್ಲಿ ಎರಡು ಸಾಲು ಇತ್ತು. "ಅಜ್ಜಿಗೆ ಮೂರು ಬಾರಿ ತಿಳಿಸಿದರೂ ಹಾಜರಾಗಿಲ್ಲ, ಆಸಕ್ತಿ ಇಲ್ಲ." "ಮಗು ಮನೆಗೆ ಹೋಗುವ ಇಚ್ಛೆ ತೋರಿಸಿಲ್ಲ."

ಹುಡುಗ ಮಾತೇ ಆಡುತ್ತಿರಲಿಲ್ಲ. ನಾನೂ ಏನೂ ಕೇಳಲಿಲ್ಲ. ಪ್ರತಿ ಶನಿವಾರ ಹೋಗಿ ಪಕ್ಕದಲ್ಲಿ ಕೂತು ಕೇರಂ ಆಡುತ್ತಿದ್ದೆ. ಮೂರನೆಯ ವಾರವೋ ನಾಲ್ಕನೆಯ ವಾರವೋ, ಆಟದ ಮಧ್ಯೆ ತಲೆ ಎತ್ತದೆ ಕೇಳಿದ: "ಸಾರ್, ಹಬ್ಬ ಆತಲ್ಲ, ಟಗರು ಮಾರಿರ್ತಾರಾ?"

ಯಾವ ಟಗರು ಅಂದೆ. ಅಜ್ಜಿ ಮನೆಯ ಟಗರು. ಇವನೇ ಮರಿಯಿಂದ ಮೇಯಿಸಿದ್ದು. ಅದಕ್ಕೆ ಹೆಸರಿಟ್ಟಿದ್ದ, ಅದರ ಕೊರಳಿಗೆ ಕರಿದಾರ ಕಟ್ಟಿದ್ದ. ಅರ್ಧ ಗಂಟೆ ಟಗರಿನ ಬಗ್ಗೆಯೇ ಹೇಳಿದ. ಆ ಅರ್ಧ ಗಂಟೆಯಲ್ಲಿ "ಅಜ್ಜಿ" ಎಂಬ ಮಾತು ಎಷ್ಟು ಸಲ ಬಂತೋ ಲೆಕ್ಕವಿಲ್ಲ. ಮನೆಗೆ ಹೋಗುವ ಇಚ್ಛೆ ತೋರಿಸಿಲ್ಲ ಎಂದು ಬರೆದಿದ್ದರಲ್ಲ, ಅವರು "ಮನೆಗೆ ಹೋಗ್ತೀಯಾ?" ಎಂದು ಕೇಳಿದ್ದರು. ಮನೆ ಅಂದರೆ ಅವನಿಗೆ ಚಿಕ್ಕಪ್ಪನ ಮನೆ. ಅದಕ್ಕೆ ತಲೆ ಅಲ್ಲಾಡಿಸಿದ್ದ. ಅಜ್ಜಿಯ ಗುಡಿಸಲು ಬೇರೆ ಇತ್ತು. ಅದರ ಬಗ್ಗೆ ಯಾರೂ ಕೇಳಿರಲಿಲ್ಲ.

ಮಾರನೆಯ ವಾರ ಊರಿಗೆ ಹೋದೆ. ಶೇಂಗಾ ಕೀಳುವ ಕಾಲ. ಅಜ್ಜಿ ಹೊಲದಲ್ಲಿ ಕೂಲಿಗೆ ಹೋಗಿದ್ದಳು. ಮೊಮ್ಮಗನ ಹೆಸರು ಹೇಳಿದ್ದೇ ತಡ, ಕೈಯಲ್ಲಿದ್ದ ಬಳ್ಳಿ ಬಿಟ್ಟು ಅಲ್ಲೇ ಮಣ್ಣಿನ ಮೇಲೆ ಕೂತಳು. "ಐದಾನಾ? ಎಲ್ಲೈದಾನಪ್ಪಾ?" ಅಂದಳು. ಅವಳಿಗೆ ಹುಡುಗ ಬದುಕಿದ್ದಾನೆ ಎಂಬುದೇ ಗೊತ್ತಿರಲಿಲ್ಲ. ಮೂರು ಸಲ ತಿಳಿಸಿದ್ದು ನಿಜ. ತಿಳಿಸಿದ್ದು ಚಿಕ್ಕಪ್ಪನ ಮೊಬೈಲಿಗೆ.

ಈ ಕೆಲಸದಲ್ಲಿ ನಾನು ಕಲಿತದ್ದೆಲ್ಲ ಆ ಹೊಲದಲ್ಲಿದೆ ಮೇಡಂ. ಯಾರೂ ಸುಳ್ಳು ಬರೆದಿರಲಿಲ್ಲ. ಯಾರೂ ಕೆಟ್ಟವರಾಗಿರಲಿಲ್ಲ. ಒಂದು ಮಗುವಿನ ಪಕ್ಕ ನಾಲ್ಕು ವಾರ ಸುಮ್ನೆ ಕೂರುವವರು ಇರಲಿಲ್ಲ, ಅಷ್ಟೇ.

ಆಮೇಲೂ ಎರಡು ತಿಂಗಳು ಹಿಡಿಯಿತು. ಅಜ್ಜಿಯನ್ನು ಸಮಿತಿ ಮುಂದೆ ಕರೆತರಲು ಚಿತ್ರದುರ್ಗದಲ್ಲಿ ಬಸ್ ಬದಲಾಯಿಸಬೇಕಿತ್ತು. ಒಂದು ದಿನದ ಕೂಲಿ ಹೋಗುತ್ತಿತ್ತು. ನಮ್ಮ ಸಂಸ್ಥೆ ಬಸ್ ಚಾರ್ಜು, ಕೂಲಿ ಎರಡೂ ಕೊಟ್ಟಿತು. ಸಮಿತಿಯವರ ಮುಖ್ಯ ಪ್ರಶ್ನೆ, ಈ ವಯಸ್ಸಿನಲ್ಲಿ ಅಜ್ಜಿ ಹೇಗೆ ಸಾಕುತ್ತಾಳೆ ಎನ್ನುವುದು. ನ್ಯಾಯವಾದ ಪ್ರಶ್ನೆಯೇ. ಉತ್ತರ ಪ್ರಾಯೋಜಕತ್ವ ಯೋಜನೆಯಲ್ಲಿತ್ತು. ಮಿಷನ್ ವಾತ್ಸಲ್ಯ ಎಂಬ ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯ ಕೆಳಗೆ ಇಂಥ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಹಳ್ಳಿಯಲ್ಲಾದರೆ ಕುಟುಂಬದ ವಾರ್ಷಿಕ ಆದಾಯ 72,000 ದಾಟಬಾರದು, ಪೇಟೆಯಲ್ಲಾದರೆ 96,000. ಈ ಯೋಜನೆ ಇರುವುದೇ ಬಡತನದ ಕಾರಣಕ್ಕೆ ಮಗು ಮನೆ ಬಿಟ್ಟು ಸಂಸ್ಥೆ ಸೇರಬಾರದು ಎಂದು. ಆಧಾರಿನಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು ಹೆಸರು ಇದ್ದದ್ದರಿಂದ ಬ್ಯಾಂಕ್ ಖಾತೆ ತೆರೆಯಲು ಮೂರು ಸಲ ಓಡಾಡಿದೆವು. ಮೊದಲ ಕಂತು ತಡವಾಗಿ ಬಂತು. ಚಿಕ್ಕಪ್ಪ ಪಕ್ಕದ ಬೀದಿಯಲ್ಲೇ ಇದ್ದ ಕಾರಣ ಅಂಗನವಾಡಿ ಕಾರ್ಯಕರ್ತೆಗೂ ಶಾಲೆಯ ಮೇಷ್ಟ್ರಿಗೂ ಹೇಳಿ ಕಣ್ಣಿಟ್ಟಿರಲು ಕೇಳಿಕೊಂಡೆವು. ಟಗರನ್ನು ಹಬ್ಬಕ್ಕೆ ಮಾರಿಬಿಟ್ಟಿದ್ದರು. ಅದನ್ನು ಹುಡುಗನಿಗೆ ಮೊದಲೇ ಹೇಳಿ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅತ್ತ. ಅಜ್ಜಿ ಕಂಡ ಮೇಲೆ ನಿಲ್ಲಿಸಿದ.

ನೀವು ಕೇಳಿದ ಕೆಲಸ ಇದು. ಕಾಸಾ ಎಂಬ ಹಲಗೆ ಇಲ್ಲದಿದ್ದರೂ ಇದನ್ನು ಮಾಡಲು ನಮ್ಮಲ್ಲಿ ಬಾಗಿಲುಗಳಿವೆ.

ಎಲ್ಲಕ್ಕಿಂತ ಗಟ್ಟಿಯಾದ ಬಾಗಿಲು ಪೋಕ್ಸೊ ಪ್ರಕರಣಗಳಲ್ಲಿದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿಗೆ ಸಮಿತಿ ಒಬ್ಬ "ಬೆಂಬಲ ವ್ಯಕ್ತಿ"ಯನ್ನು ನೇಮಿಸಬಹುದು ಎಂದು 2020ರ ಪೋಕ್ಸೊ ನಿಯಮಗಳು ಹೇಳುತ್ತವೆ. ತನಿಖೆಯಿಂದ ಹಿಡಿದು ತೀರ್ಪಿನವರೆಗೆ ಮಗುವಿನ ಜೊತೆಗಿರುವವರು ಇವರು. ಬೇಕಾದರೆ ನೇಮಿಸಿ, ಇಲ್ಲವಾದರೆ ಬಿಡಿ ಎಂಬ ಹಾಗೆ ಇದು ನಡೆಯುತ್ತಿತ್ತು. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಬೆಂಬಲ ವ್ಯಕ್ತಿ ಬೇಕೋ ಬೇಡವೋ ಎಂಬುದನ್ನು ಅಪ್ಪ ಅಮ್ಮನ ಇಷ್ಟಕ್ಕೆ ಬಿಡಬಾರದು ಎಂದು ಹೇಳಿತು. ಏನು ಅಂತಲೇ ಗೊತ್ತಿಲ್ಲದವರು "ಬೇಡ" ಎನ್ನುವುದು ಸಹಜ ತಾನೆ. ಈ ಕೆಲಸಕ್ಕೆ ಓದು, ಮಕ್ಕಳ ಜೊತೆ ಕೆಲಸ ಮಾಡಿದ ಅನುಭವ ಎರಡನ್ನೂ ನೋಡುತ್ತಾರೆ. ನಿಮ್ಮ 31 ವರ್ಷ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರಿನ ಎನ್‌ಫೋಲ್ಡ್ ಸಂಸ್ಥೆಯವರು ಈ ಕೆಲಸ ಬಹಳ ಕಾಲದಿಂದ ಮಾಡುತ್ತಿದ್ದಾರೆ.

ಬೆಂಬಲ ವ್ಯಕ್ತಿ ಎಂದರೆ ಏನು ಮಾಡುತ್ತಾರೆ? ಹೊರಗಿನವರಿಗೆ ಸಣ್ಣದಾಗಿ ಕಾಣುವ ಕೆಲಸಗಳು. ಪೊಲೀಸರು ಹೇಳಿಕೆ ಬರೆದುಕೊಳ್ಳುವಾಗ ಸಮವಸ್ತ್ರದಲ್ಲಿ ಇರಬಾರದು, ಮಗು ಇರುವ ಕಡೆಗೇ ಬರಬೇಕು, ಸಾಧ್ಯವಾದಷ್ಟೂ ಮಹಿಳಾ ಎಸ್‌ಐ ಆಗಿರಬೇಕು, ರಾತ್ರಿ ಠಾಣೆಯಲ್ಲಿ ಮಗುವನ್ನು ಇಟ್ಟುಕೊಳ್ಳುವ ಹಾಗಿಲ್ಲ. ಇದೆಲ್ಲ ಮಗುವಿನ ಅಮ್ಮನಿಗೆ ಗೊತ್ತಿರುವುದಿಲ್ಲ, ಬೆಂಬಲ ವ್ಯಕ್ತಿಗೆ ಗೊತ್ತಿರಬೇಕು. ಸಾಕ್ಷಿ ಹೇಳುವ ಮೊದಲು ಒಂದು ದಿನ ಮಗುವನ್ನು ಕೋರ್ಟಿಗೆ ಕರೆದುಕೊಂಡು ಹೋಗಿ ತೋರಿಸಬೇಕು. ಜಡ್ಜ್ ಎಲ್ಲಿ ಕೂರುತ್ತಾರೆ, ನೀನು ಎಲ್ಲಿ ನಿಲ್ಲುತ್ತೀಯ, ಬಾತ್‌ರೂಮ್ ಎಲ್ಲಿದೆ. ಆರೋಪಿ ಮಗುವಿನ ಕಣ್ಣಿಗೆ ಬೀಳದ ಹಾಗೆ ಪರದೆ ಇರಬೇಕು. ಸುಸ್ತಾದರೆ ನಡುವೆ ಬಿಡುವು ಕೇಳಬಹುದು, ಕಾನೂನೇ ಹಾಗೆ ಹೇಳುತ್ತದೆ. ಆದರೆ ಕೋರ್ಟ್ ಹಾಲಿನ ಒಳಗಿನ ಪರದೆಗಿಂತ ಹೊರಗಿನ ಕಾರಿಡಾರು ಕಷ್ಟ. ಆರೋಪಿಯ ಮನೆಯವರು ಅಲ್ಲೇ ನಿಂತಿರುತ್ತಾರೆ. ದುರುಗುಟ್ಟಿ ನೋಡುತ್ತಾರೆ. ಆ ಹತ್ತು ಹೆಜ್ಜೆ ಮಗುವಿನ ಜೊತೆ ನಡೆಯುವುದೇ ದೊಡ್ಡ ಕೆಲಸ. ನಾನು ಒಂದು ಹುಡುಗಿಯ ಜೊತೆ ಹಾಗೆ ನಡೆದಾಗ ಅವಳು ನನ್ನ ಶರ್ಟಿನ ತೋಳು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಗುಂಡಿ ಕಿತ್ತು ಬಂತು.

ಒಂದು ಎಚ್ಚರಿಕೆ. ನೀವು ಟೀಚರ್ ಆದ್ದರಿಂದ ವಿಶೇಷವಾಗಿ ಹೇಳುತ್ತೇನೆ. ಹೇಳಿಕೊಡಬೇಡಿ. "ಹೀಗೆ ಕೇಳಿದರೆ ಹೀಗೆ ಹೇಳು" ಎಂದು ಒಂದು ಮಾತೂ ಬೇಡ. ಎದುರು ಕಡೆಯ ವಕೀಲರು ಮೊದಲು ಕೇಳುವುದೇ "ಯಾರು ಹೇಳಿಕೊಟ್ಟರು?" ಎಂದು. ಮಗು ಪ್ರಾಮಾಣಿಕವಾಗಿ "ಟೀಚರ್" ಅಂದುಬಿಟ್ಟರೆ ಕೇಸೇ ಅಲ್ಲಾಡುತ್ತದೆ. "ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು, ಅರ್ಥ ಆಗದಿದ್ದರೆ ಅರ್ಥ ಆಗಲಿಲ್ಲ ಅನ್ನು." ಇಷ್ಟು ಸಾಕು.

ದುಡ್ಡಿನ ವಿಷಯವನ್ನೂ ಬೆಂಬಲ ವ್ಯಕ್ತಿಯೇ ನೆನಪಿಟ್ಟು ಓಡಾಡಬೇಕಾಗುತ್ತದೆ. ಊಟ, ಬಟ್ಟೆ, ಓಡಾಟದ ಖರ್ಚಿಗೆ ಸಮಿತಿ ತಕ್ಷಣದ ನೆರವು ಶಿಫಾರಸು ಮಾಡಬಹುದು, ಅದು ಒಂದು ವಾರದಲ್ಲಿ ಸಿಗಬೇಕು. ವಿಶೇಷ ನ್ಯಾಯಾಲಯ ಕೇಸು ಮುಗಿಯುವ ಮೊದಲೇ ಮಧ್ಯಂತರ ಪರಿಹಾರ ಆದೇಶ ಮಾಡಬಹುದು. ಕೇಳಿದವರಿಗೆ ಸಿಗುತ್ತದೆ. ಬಹಳ ಮನೆಗಳವರು ಕೇಳುವುದೇ ಇಲ್ಲ, ಕೇಳಬಹುದು ಎಂದು ಗೊತ್ತಿಲ್ಲದೆ.

ಎರಡನೆಯ ಬಾಗಿಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ಅಲ್ಲಿ ಅರೆಕಾನೂನು ಸ್ವಯಂಸೇವಕರು ಎಂದು ಇರುತ್ತಾರೆ, ವಕೀಲರಲ್ಲದಿದ್ದರೂ ಜನರಿಗೆ ಕಾನೂನಿನ ನೆರವು ಸಿಗುವ ಹಾಗೆ ಮಾಡುವವರು. ನಿವೃತ್ತ ಶಿಕ್ಷಕರನ್ನು ಇದಕ್ಕೆ ಆರಿಸಿಕೊಳ್ಳಬಹುದು ಎಂದು ಯೋಜನೆಯಲ್ಲೇ ಬರೆದಿದೆ. ತರಬೇತಿ ಕೊಡುತ್ತಾರೆ, ಗುರುತಿನ ಚೀಟಿ ಕೊಡುತ್ತಾರೆ. ಆ ಚೀಟಿ ಇದ್ದರೆ ಕಚೇರಿಗಳಲ್ಲಿ "ನೀವು ಯಾರು?" ಎಂಬ ಪ್ರಶ್ನೆ ಅರ್ಧ ಕಡಿಮೆಯಾಗುತ್ತದೆ.

ಮೂರನೆಯದು ಜಿಲ್ಲಾ ಮಕ್ಕಳ ರಕ್ಷಣಾ ಘಟಕ. ಬಾಲಮಂದಿರಕ್ಕೆ ನಿಯಮಿತವಾಗಿ ಹೋಗಬೇಕೆಂದರೆ ಇವರ ಅನುಮತಿ ಬೇಕು. ಸಾಮಾಜಿಕ ತನಿಖೆಯನ್ನು ಸಮಿತಿ ಸಮಾಜ ಕಾರ್ಯಕರ್ತರಿಂದಲೂ ಮಾಡಿಸಬಹುದು. ನೀವು ಒಬ್ಬರೇ ಹೋಗಿ ಕೇಳುವುದಕ್ಕಿಂತ, ಮಕ್ಕಳ ಕೆಲಸ ಮಾಡುವ ನೋಂದಾಯಿತ ಸಂಸ್ಥೆಯ ಮೂಲಕ ಹೋಗುವುದು ಒಳ್ಳೆಯದು. ಪೊಲೀಸ್ ಪರಿಶೀಲನೆ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಮಕ್ಕಳ ಹತ್ತಿರ ಹೋಗುವವರನ್ನು ಅನುಮಾನದಿಂದ ನೋಡುವ ವ್ಯವಸ್ಥೆ ಒಳ್ಳೆಯ ವ್ಯವಸ್ಥೆ. ಏನೂ ಕೇಳದೆ ಒಳಗೆ ಬಿಡುವ ಸಂಸ್ಥೆಯನ್ನು ಕಂಡರೆ ನನಗೆ ಭಯ.

ಸಂಸ್ಥೆ ಬೇಕು ಎನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಕೇಳಿದ್ದನ್ನೆಲ್ಲ ಹೊತ್ತುಕೊಂಡು ಮನೆಗೆ ಬರುತ್ತೀರಿ. ಮನೆಯಲ್ಲಿ ಹೇಳುವ ಹಾಗಿಲ್ಲ. ಹೇಳಿಕೊಳ್ಳಲು ಅದೇ ಕೆಲಸದ ಒಬ್ಬರು ಬೇಕು.

ಗೆಳತಿಯರು ಸೇರಿ "ನಾವೇ ಒಂದು ಆಶ್ರಮ ಶುರು ಮಾಡೋಣ" ಅಂದರೆ ದಯವಿಟ್ಟು ಬೇಡ ಅನ್ನಿ. ನೋಂದಣಿ ಇಲ್ಲದೆ ಮಕ್ಕಳನ್ನು ಇಟ್ಟುಕೊಳ್ಳುವುದು ಅಪರಾಧ. ಅದಕ್ಕಿಂತ ಮುಖ್ಯವಾಗಿ, ಸಂಸ್ಥೆಯಲ್ಲಿ ಇಡುವುದು ಕೊನೆಯ ದಾರಿ ಎಂದು ಕಾಯ್ದೆಯೇ ಹೇಳುತ್ತದೆ. ನಮ್ಮ ಜನಕ್ಕೆ ಕಟ್ಟಡ ಕಟ್ಟುವುದರ ಮೇಲೆ ಪ್ರೀತಿ ಜಾಸ್ತಿ. ಒಂದು ಹಾಲ್ ಕಟ್ಟಿಸುವ ದುಡ್ಡಿನಲ್ಲಿ ಎಷ್ಟು ಅಜ್ಜಿಯರನ್ನು ಬಸ್ಸು ಹತ್ತಿಸಿ ಸಮಿತಿ ಮುಂದೆ ಕರೆತರಬಹುದು ಯೋಚಿಸಿ.

ಹೋಳಿಗೆ ಊಟದ ವಿಷಯ ಕೇಳಿದಿರಿ. ಕೊಡಿ, ತಪ್ಪಲ್ಲ. ಆದರೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಸಬೇಡಿ, ವಾಟ್ಸ್ಆ್ಯಪಿಗೆ ಹಾಕಬೇಡಿ. ಅಲ್ಲಿನ ಮಗುವಿನ ಗುರುತು ಹೊರಗೆ ಬಿಡುವುದು ಅಪರಾಧ, 6 ತಿಂಗಳವರೆಗೆ ಜೈಲು, 2 ಲಕ್ಷದವರೆಗೆ ದಂಡ ಇದೆ. ಕಾನೂನು ಇಲ್ಲದಿದ್ದರೂ ಬೇಡ ಅನ್ನುತ್ತಿದ್ದೆ. ಬೇರೆಯವರ ಹುಟ್ಟುಹಬ್ಬಕ್ಕೆ ಚಪ್ಪಾಳೆ ತಟ್ಟುತ್ತ ನಿಂತ ಮಕ್ಕಳಲ್ಲಿ ತನ್ನ ಹುಟ್ಟಿದ ದಿನವೇ ಗೊತ್ತಿಲ್ಲದವರು ಎಷ್ಟೋ ಇರುತ್ತಾರೆ.

ಮಾತು ಕೊಡುವ ಮೊದಲು ಹತ್ತು ಸಲ ಯೋಚಿಸಿ. ಇದು ನನ್ನದೇ ತಪ್ಪಿನಿಂದ ಕಲಿತದ್ದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಹುಡುಗಿಗೆ "ಬರೋ ಶನಿವಾರ ಬರ್ತೀನಿ" ಅಂದಿದ್ದೆ. ಆ ಶನಿವಾರ ಮನೆಯಲ್ಲಿ ನೆಂಟರು ಬಂದರು, ಹೋಗಲಿಲ್ಲ. ಫೋನೂ ಮಾಡಲಿಲ್ಲ. ಅವಳು ಬೆಳಿಗ್ಗೆಯಿಂದ ಸಂಜೆಯವರೆಗೆ ಗೇಟಿನ ಹತ್ತಿರ ಕೂತಿದ್ದಳಂತೆ, ಊಟಕ್ಕೂ ಎದ್ದಿರಲಿಲ್ಲವಂತೆ. ಮುಂದಿನ ವಾರ ಹೋದರೆ ನನ್ನ ಕಡೆ ನೋಡಲಿಲ್ಲ. ಎರಡು ತಿಂಗಳು ನೋಡಲಿಲ್ಲ. ಬರುತ್ತೇನೆಂದು ಹೇಳಿ ಬಾರದೇ ಹೋದವರ ಸಾಲಿನಲ್ಲಿ ಅವಳ ಅಮ್ಮ ಮೊದಲನೆಯವಳು, ನಾನು ಕೊನೆಯವನು. ವಾರಕ್ಕೊಮ್ಮೆ ಆಗದಿದ್ದರೆ ತಿಂಗಳಿಗೊಮ್ಮೆ ಎಂದು ಹೇಳಿ, ಆ ತಿಂಗಳ ದಿನ ತಪ್ಪಿಸಬೇಡಿ. ವರ್ಷವಾದರೂ ಮಾಡುವ ಮನಸ್ಸಿದ್ದರೆ ಮಾತ್ರ ಶುರು ಮಾಡಿ.

18 ತುಂಬಿದ ಮಕ್ಕಳನ್ನೂ ಮರೆಯಬೇಡಿ. ಆ ದಿನ ಬಾಲಮಂದಿರದಿಂದ ಹೊರಗೆ ಬರಬೇಕು. 21ರವರೆಗೆ ಸಹಾಯ ಮಾಡಲು ಕಾಯ್ದೆಯಲ್ಲಿ ಜಾಗ ಇದೆ. ಅರ್ಜಿ, ದಾಖಲೆ, ಕಾಲೇಜು, ಬಾಡಿಗೆ ರೂಮು ಇದಕ್ಕೆಲ್ಲ ಒಬ್ಬ ಹಿರಿಯರು ಜೊತೆಗಿದ್ದರೆ ಆ ಸಹಾಯ ಕೈಗೆ ಸಿಗುತ್ತದೆ.

ಸಮಿತಿಯ ತೀರ್ಮಾನ ಮಗುವಿಗೆ ಒಳ್ಳೆಯದಲ್ಲ ಅನ್ನಿಸಿದರೆ 30 ದಿನದೊಳಗೆ ಮೇಲ್ಮನವಿ ಹೋಗಬಹುದು. ಸಮಿತಿ ಕೆಲಸ ಮಾಡುವ ರೀತಿಯ ಬಗ್ಗೆ ದೂರಿದ್ದರೆ ಜಿಲ್ಲಾಧಿಕಾರಿಗೆ ಕೊಡಬಹುದು. ಮಗುವಿಗೆ ಸಂಬಂಧಪಟ್ಟವರು ಯಾರು ಬೇಕಾದರೂ ಕೊಡಬಹುದು. ಆದರೆ ಮೊದಲು ಒಳಗೆ ಹೋಗಿ ಗೌರವದಿಂದ ಮಾತಾಡಿ. ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ಸಲ ಅವರಿಗೆ ಬೇಕಾದದ್ದು ಸರಿಯಾದ ಮಾಹಿತಿ. ತಂದುಕೊಟ್ಟರೆ ಖುಷಿಯಿಂದ ಕೇಳುತ್ತಾರೆ.

ಈಗ ಮತ್ತೆ ನಿಮ್ಮ ಬೀದಿಗೆ. ಫೋನ್ ಮಾಡಿದರೆ ಹುಡುಗಿಯನ್ನು ಎತ್ತಿಕೊಂಡು ಹೋಗಿ ಬಾಲಮಂದಿರಕ್ಕೆ ಹಾಕಿಬಿಡುತ್ತಾರೆ ಎಂಬ ಭಯ ನಿಮಗಿರಬಹುದು. ಹಾಗೇ ಆಗಬೇಕೆಂದಿಲ್ಲ. ಅವಳಿಗೆ ಅಪ್ಪ ಅಮ್ಮ ಇದ್ದಾರೆ. ತೋಟದಿಂದ ಕರೆಸಿ ಮಾತಾಡುತ್ತಾರೆ. ಅವರಿಗೆ ಬರೆಯ ವಿಷಯವೇ ಗೊತ್ತಿರಲಿಕ್ಕಿಲ್ಲ. ಅಮ್ಮನ ಜೊತೆ ಹೋಗಬಹುದೋ, ಅಮ್ಮನ ಕಡೆಯ ಬೇರೆ ನೆಂಟರಿದ್ದಾರೋ, ಸಹಾಯಧನ ಸಿಕ್ಕರೆ ಅಪ್ಪ ಅಮ್ಮನಲ್ಲಿ ಒಬ್ಬರು ಊರಲ್ಲೇ ಉಳಿಯಬಹುದೋ, ಇದೆಲ್ಲ ವಿಚಾರಿಸಿದರೆ ತಿಳಿಯುತ್ತದೆ. ವಿಚಾರಿಸುವವರಿಗೆ ನೀವು ಗೊತ್ತಿದ್ದದ್ದನ್ನು ಹೇಳಿ. ಅವಳು ಯಾವ ಶಾಲೆ, ಓದಿನಲ್ಲಿ ಹೇಗೆ, ಯಾರ ಹೆಸರು ಹೇಳಿದರೆ ಅವಳ ಮುಖ ಅರಳುತ್ತದೆ. ಇದನ್ನು ಒಂದು ಹಾಳೆಯಲ್ಲಿ ಬರೆದು, ಕೆಳಗೆ ಸಹಿ ಹಾಕಿ, ಸಮಿತಿಗೆ ಕೊಡಿ. ಅದಕ್ಕೆ ಯಾವ ಹುದ್ದೆಯೂ ಬೇಕಿಲ್ಲ.

ಅವಳನ್ನು ಸಮಿತಿ ಮುಂದೆ ಕರೆತರುವ ದಿನ ಯಾವುದೆಂದು ಕೇಳಿಕೊಳ್ಳಿ. ಆವತ್ತು ಬೆಳಿಗ್ಗೆ ತಿಂಡಿ ಮುಗಿಸಿ, ಒಂದು ನೀರಿನ ಬಾಟಲಿ ತೆಗೆದುಕೊಂಡು, ಹೊರಗಿನ ಬೆಂಚಿನ ಮೇಲೆ ಕೂತಿರಿ. ಒಳಗೆ ಬಿಡದಿದ್ದರೂ ಪರವಾಗಿಲ್ಲ. ಆ ಕಟ್ಟಡದಲ್ಲಿ ಅವಳಿಗೆ ಗುರುತಿರುವ ಮುಖ ನಿಮ್ಮದೊಂದೇ ಇರುತ್ತದೆ.